ಆಗಲೇ ಹುಟ್ಟಿರುವ ಮಕ್ಕಳು, ಇನ್ನೂ ತುಂಬದ ಹುದ್ದೆಗಳು

ಶಿಷ್ಯೆ: ಕರಡು ಓದಿದಿರಾ ಸರ್? ಮುಂದಿನ ಹದಿನೈದು ವರ್ಷಕ್ಕೆ ನಮ್ಮ ವಿಶ್ವವಿದ್ಯಾಲಯ ಹೇಗಿರಬೇಕು ಅನ್ನುವ ಮುನ್ನೋಟ. ಸಿಂಡಿಕೇಟ್ ಮುಂದೆ ಇಡುವ ಮೊದಲು ಹಣಕಾಸು ಸಮಿತಿಯಲ್ಲಿ ಕೂತು ಬಂದವರೊಬ್ಬರು ನೋಡಲಿ ಅಂತ ನಿಮಗೆ ಕಳಿಸಿದೆ.

ಮೇಷ್ಟ್ರು: ಓದಿದೆನಮ್ಮ. ಸಂಶೋಧನಾ ಪಾರ್ಕ್ ಇದೆ, ಸ್ಟಾರ್ಟಪ್ ಕೇಂದ್ರ ಇದೆ, ಕೃತಕ ಬುದ್ಧಿಮತ್ತೆಗೆ ಹೊಸದೊಂದು ನಿಕಾಯ ಇದೆ, ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆಗಳ ಪಟ್ಟಿ ಇದೆ. ಇವೆಲ್ಲ ಬೇಡ ಅನ್ನುವವನು ನಾನಲ್ಲ. ಆದರೆ ಪಿಂಚಣಿ ಅನ್ನುವ ಮಾತು ಇಡೀ ಕರಡಿನಲ್ಲಿ ಸಿಗಲಿಲ್ಲ. ಖಾಲಿ ಹುದ್ದೆಗಳ ಬಗ್ಗೆ ಒಂದೇ ಸಾಲು: ‘ಹಂತಹಂತವಾಗಿ ಭರ್ತಿ ಮಾಡಲಾಗುವುದು.’

ಶಿಷ್ಯೆ: ಸೇರಿಸೋಣ ಅಂತ ನಾನೂ ಅಂದೆ. ಪಿಂಚಣಿ ಲೆಕ್ಕಪತ್ರ ಶಾಖೆಯ ಸಂಗತಿ, ಮುನ್ನೋಟದಲ್ಲಿ ಅದು ಬಂದರೆ ಓದುವವರ ಉತ್ಸಾಹ ಕುಂದುತ್ತೆ ಅಂದರು ಸಮಿತಿಯಲ್ಲಿ.

ಮೇಷ್ಟ್ರು: ನಾಳೆಯ ವಿಚಾರದಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ಸಂಗತಿಗಳು ಬಹಳ ಕಡಿಮೆ. ಅದರಲ್ಲಿ ಇದೊಂದು. ಸ್ಟಾರ್ಟಪ್ ಕೇಂದ್ರಕ್ಕೆ 2035ರಲ್ಲಿ ಎಷ್ಟು ಜನ ಬರುತ್ತಾರೆ ಅಂತ ಯಾರೂ ಹೇಳಲಾರರು. ಆ ವರ್ಷ ಎಷ್ಟು ಜನ ನಿವೃತ್ತರಾಗುತ್ತಾರೆ ಅನ್ನುವುದನ್ನು ಸೇವಾ ಪುಸ್ತಕ ತೆಗೆದು ಇವತ್ತೇ ಹೇಳಬಹುದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಹೋದರು. ಹಳೆಯ ಪಿಂಚಣಿಯ ಪಟ್ಟಿಗೆ ಹೊಸಬರು ಸೇರುವುದು ಅವತ್ತೇ ನಿಂತಿತು. 2005ರಲ್ಲಿ 28ನೇ ವಯಸ್ಸಿಗೆ ಸೇರಿದ ಅಧ್ಯಾಪಕ 62 ತುಂಬಿ 2039ರಲ್ಲಿ ನಿವೃತ್ತನಾಗುತ್ತಾನೆ. ಹೊರೆ ಯಾವ ವರ್ಷದವರೆಗೆ ಏರುತ್ತೆ, ಎಲ್ಲಿಂದ ಇಳಿಯತೊಡಗುತ್ತೆ ಅಂತ ಒಂದು ಗೆರೆ ಎಳೆಯಬಹುದು. ಆ ಗೆರೆ ಕಣ್ಣ ಮುಂದೆ ಇಲ್ಲದೆ ಮಾಡಿದ ಯೋಜನೆ ಮೊದಲನೇ ವರ್ಷದಲ್ಲೇ ನಿಲ್ಲುತ್ತೆ. ಯಾಕೆ ಅಂದರೆ ಸಂಶೋಧನಾ ಪಾರ್ಕಿಗೆ ಅಂತ ತೆಗೆದಿಟ್ಟ ದುಡ್ಡು ಹೋಗುವುದು ಪಿಂಚಣಿಗೇ. ಹೋಗಲೂ ಬೇಕು. ಮೂವತ್ತು ವರ್ಷ ಪಾಠ ಹೇಳಿದವರು ತಮ್ಮ ಪಿಂಚಣಿಗಾಗಿ ಆಡಳಿತ ಕಚೇರಿಯ ಮುಂದೆ ಧರಣಿ ಕೂರುವಂತಾಗಬಾರದು.

ಶಿಷ್ಯೆ: ಆದರೆ ಪಿಂಚಣಿ ಕೊಡಬೇಕಾದದ್ದು ಸರ್ಕಾರ ಅಲ್ಲವೇ? ಸಂಬಳ, ಪಿಂಚಣಿ ಎರಡಕ್ಕೂ ಅನುದಾನ ಬರುತ್ತಲ್ಲ?

ಮೇಷ್ಟ್ರು: ಬರುತ್ತೆ, ಸಾಲದು. ಹಳೆಯ ವಿಶ್ವವಿದ್ಯಾಲಯಗಳು ಪಿಂಚಣಿಯ ಒಂದು ಪಾಲನ್ನು ಆಂತರಿಕ ಸಂಪನ್ಮೂಲದಿಂದ ತುಂಬಬೇಕಾಗಿ ಬಂದಿದೆ. ಈ ಆಂತರಿಕ ಸಂಪನ್ಮೂಲ ಅಂದರೆ ಏನು ಅಂತ ನಿನ್ನ ಕರಡು ಬಿಡಿಸಿ ಹೇಳಬೇಕಿತ್ತು. ಅದರ ಬಹುಪಾಲು ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ವಿದ್ಯಾರ್ಥಿಗಳು ಕಟ್ಟುವ ಪರೀಕ್ಷಾ ಶುಲ್ಕ. ಬೇರೆ ಬೇರೆ ಊರಿನ ಪದವಿ ಕಾಲೇಜಿನ ಮಕ್ಕಳು ಪ್ರತಿ ಸೆಮಿಸ್ಟರ್ ಕಟ್ಟುವ ಹಣದಲ್ಲೇ ಸ್ನಾತಕೋತ್ತರ ವಿಭಾಗಗಳ ಪ್ರಯೋಗಾಲಯ, ಗ್ರಂಥಾಲಯ, ಕರೆಂಟ್ ಬಿಲ್ಲು ನಡೆದುಕೊಂಡು ಬಂದಿವೆ. ಈಗ ಇತಿಹಾಸ ನೋಡು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. 1964ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ. ಧಾರವಾಡದಿಂದ 1980ರಲ್ಲಿ ಗುಲ್ಬರ್ಗ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದು ವೈದ್ಯಕೀಯ ಕಾಲೇಜುಗಳು ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಂಜಿನಿಯರಿಂಗ್ ಕಾಲೇಜುಗಳು ಹೋದವು. ಪ್ರತಿ ವಿಭಜನೆಗೂ ಅದರದೇ ನ್ಯಾಯವಾದ ಕಾರಣ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಸಲವೂ ಕಾಲೇಜುಗಳು, ಅವುಗಳ ಶುಲ್ಕ ಹೊಸ ವಿಶ್ವವಿದ್ಯಾಲಯಕ್ಕೆ ಹೋದವು. ನಿವೃತ್ತರು ಹಳೆಯದರಲ್ಲೇ ಉಳಿದರು. ಹೊಲ ಪಾಲಾಗಿ ಸಾಲ ಮಾತ್ರ ಹಿರೀಮಗನ ಹೆಸರಿನಲ್ಲಿ ಉಳಿದ ಹಾಗೆ.

ಶಿಷ್ಯೆ: ಕೇಂದ್ರದ ಹಣ?

ಮೇಷ್ಟ್ರು: ಐದು ವರ್ಷಕ್ಕೊಮ್ಮೆ ಯುಜಿಸಿಯಿಂದ ಯೋಜನಾ ಅನುದಾನ ಬರುತ್ತಿತ್ತು. ಅದನ್ನು ನಂಬಿ ಪ್ರಯೋಗಾಲಯ ಕಟ್ಟಬಹುದಿತ್ತು, ಹೊಸ ವಿಷಯ ಶುರುಮಾಡಬಹುದಿತ್ತು. 12ನೇ ಪಂಚವಾರ್ಷಿಕ ಯೋಜನೆ 2017ಕ್ಕೆ ಮುಗಿಯಿತು, ಆ ದಾರಿಯೂ ಮುಗಿಯಿತು. ಆಮೇಲೆ ಉಳಿದದ್ದು 2013ರ ರುಸಾ, ಅದರ ಮುಂದುವರಿಕೆಯಾದ ಪಿಎಂ-ಉಷಾ ಯೋಜನೆಗಳು. ಅರ್ಜಿ ಹಾಕಿ, ಪೈಪೋಟಿಯಲ್ಲಿ ಗೆದ್ದವರಿಗೆ ಹಣ. ಗುಣಮಟ್ಟ ಅಳೆಯುವ ನ್ಯಾಕ್‌ನ ಅಂಕ ಚೆನ್ನಾಗಿದ್ದವರ ಕೈ ಮೇಲಾಗುತ್ತೆ. ಬಡವಾಗಿರುವ ವಿಶ್ವವಿದ್ಯಾಲಯ ಇನ್ನಷ್ಟು ಬಡವಾಗುತ್ತೆ.

ಶಿಷ್ಯೆ: ಹಾಗಿದ್ದರೆ ಹೆಚ್ಚು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು. ನನ್ನ ಕರಡಿನಲ್ಲಿ ದಾಖಲಾತಿ ವರ್ಷಕ್ಕಿಷ್ಟು ಅಂತ ಏರುತ್ತಾ ಹೋಗುವ ಕೋಷ್ಟಕ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯೇ 2035ರ ಹೊತ್ತಿಗೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ಶೇ 50 ಆಗಬೇಕು ಅನ್ನುತ್ತೆ.

ಮೇಷ್ಟ್ರು: ನಿನ್ನ ಕರಡಿನಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಅದೇ ಪುಟ. 2038ರಲ್ಲಿ ಪದವಿಯ ಮೊದಲ ವರ್ಷಕ್ಕೆ ಬರುವ ಮಗು 2020ರ ಸುಮಾರಿಗೆ ಹುಟ್ಟಿರಬೇಕು. ಹುಟ್ಟಿದೆ. ಈಗ ಅದನ್ನು ಶಾಲೆಯ ಹಾಜರಿ ಪುಸ್ತಕದಲ್ಲೇ ಎಣಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಆಗಲೇ ಕಾಣುತ್ತಿರುವ ಇಳಿತ ಹತ್ತು ಹನ್ನೆರಡು ವರ್ಷ ನಡೆದು ನಮ್ಮ ಬಾಗಿಲಿಗೆ ಬರುತ್ತೆ. ಓದಲು ಬರುವವರ ಪ್ರಮಾಣ ಏರಬಹುದು, ಏರಲಿ. ಆದರೆ ಏರುವ ಪ್ರಮಾಣ, ಇಳಿಯುವ ಜನಸಂಖ್ಯೆ ಎರಡನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಬೇಕು. ನೀವು ಒಂದನ್ನೇ ಹಾಕಿದ್ದೀರಿ.

ಶಿಷ್ಯೆ: ಇಡೀ ರಾಜ್ಯಕ್ಕೆ ಒಂದೇ ಲೆಕ್ಕ ಸಲ್ಲುವುದಿಲ್ಲ ಸರ್. ನಾನು ಬಂದದ್ದು ಯಾದಗಿರಿ ಕಡೆಯಿಂದ. ನಮ್ಮಲ್ಲಿ ಮಕ್ಕಳ ಸಂಖ್ಯೆ ದಕ್ಷಿಣ ಕನ್ನಡದ ಹಾಗೆ ಇಳಿದಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಉಳಿದ ಹುಡುಗಿಯರು ಎಷ್ಟೋ. ಅವರೆಲ್ಲ ಕಾಲೇಜಿಗೆ ಬಂದರೆ ಕಲ್ಯಾಣ ಕರ್ನಾಟಕದಲ್ಲಿ ಇರುವ ಕಟ್ಟಡಗಳು ಸಾಲುವುದಿಲ್ಲ. ಮಕ್ಕಳು ಕಡಿಮೆಯಾಗುತ್ತಿದ್ದಾರೆ ಅನ್ನುವ ಮಾತನ್ನು ಬೆಂಗಳೂರಿನಲ್ಲಿ ಕೂತು ಹೇಳಿದರೆ ಅದರ ಪೆಟ್ಟು ಬೀಳುವುದು ನಮ್ಮ ಕಡೆಯ ಮಕ್ಕಳಿಗೆ.

ಮೇಷ್ಟ್ರು: ನೀನು ಹೇಳಿದ್ದು ಸರಿ, ಅದನ್ನೇ ಬರೆ. ಜಿಲ್ಲೆವಾರು ಬರೆ. ಯಾವ ತಾಲ್ಲೂಕಿನಲ್ಲಿ ಹತ್ತನೇ ತರಗತಿಗೆ ಎಷ್ಟು ಮಕ್ಕಳು, ಅವರಲ್ಲಿ ಎಷ್ಟು ಜನ ಪಿಯುಸಿಗೆ, ಎಷ್ಟು ಜನ ಪದವಿಗೆ, ಹುಡುಗಿಯರು ಎಲ್ಲಿ ನಿಲ್ಲುತ್ತಾರೆ. ಈ ಅಂಕಿಗಳು ಇಲಾಖೆಗಳಲ್ಲಿ ಇವೆ. ವಿಶ್ವವಿದ್ಯಾಲಯ ಕೇಳುವುದಿಲ್ಲ, ಅಷ್ಟೇ.

ಶಿಷ್ಯೆ: ಹಾಗಿದ್ದರೆ ಜಿಲ್ಲೆಗೊಂದು ವಿಶ್ವವಿದ್ಯಾಲಯ ಅನ್ನುವುದನ್ನೂ ಒಪ್ಪಬೇಕಲ್ಲವೇ? ಹಾವೇರಿ, ಕೊಪ್ಪಳ, ಬಾಗಲಕೋಟೆ, ಕೊಡಗು, ಚಾಮರಾಜನಗರ, ಹಾಸನಗಳಲ್ಲಿ ಹೊಸದಾಗಿ ತೆರೆದರು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತನ್ನು ಮುಚ್ಚುವ ಕಡೆ ವಾಲಿತು. ಹಣ ಇಲ್ಲ, ಬೋಧಕರಿಲ್ಲ ಅನ್ನುವ ಕಾರಣ. ಅಲ್ಲಿ ಓದುತ್ತಿದ್ದವರಲ್ಲಿ ಎಷ್ಟೋ ಹುಡುಗಿಯರನ್ನು ಮನೆಯವರು ಬೇರೆ ಊರಿನ ಹಾಸ್ಟೆಲಿಗೆ ಕಳಿಸುವುದಿಲ್ಲ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ದೂರದಲ್ಲಿ ಎಂ.ಎ., ಎಂ.ಎಸ್ಸಿ. ಇದ್ದರೆ ಓದುತ್ತಾರೆ, ಇಲ್ಲದಿದ್ದರೆ ಮದುವೆ. ಇದು ನಾನು ಊಹಿಸಿ ಹೇಳುವ ಮಾತಲ್ಲ, ನನ್ನ ತರಗತಿಯಲ್ಲಿ ಕೂರುವ ಹುಡುಗಿಯರು ಹೇಳುವುದು.

ಮೇಷ್ಟ್ರು: ಅವರಿಗೆ ಬೇಕಾದದ್ದು ಹತ್ತಿರದಲ್ಲಿ ಒಳ್ಳೆಯ ತರಗತಿ, ಒಳ್ಳೆಯ ಮೇಷ್ಟ್ರು, ಪ್ರಯೋಗಾಲಯ. ಅದಕ್ಕೆ ಒಬ್ಬ ಕುಲಪತಿ, ಇಬ್ಬರು ಕುಲಸಚಿವರು, ಪ್ರತ್ಯೇಕ ಪರೀಕ್ಷಾ ವಿಭಾಗ ಬೇಕಾಗಿಲ್ಲ. ಹಾಸನದಲ್ಲಿ ಹೇಮಗಂಗೋತ್ರಿ, ಮಂಡ್ಯದ ತೂಬಿನಕೆರೆ ಕೇಂದ್ರ, ಕೊಡಗಿನ ಚಿಕ್ಕ ಅಳುವಾರ, ಇವೆಲ್ಲ ಸ್ನಾತಕೋತ್ತರ ಕೇಂದ್ರಗಳಾಗಿಯೇ ಪಾಠ ಹೇಳುತ್ತಿದ್ದವು. ಆ ಕೇಂದ್ರಗಳಿಗೆ ಆಗಲೇ ಹುದ್ದೆ ಕೊಟ್ಟಿದ್ದರೆ, ಬಸ್ಸಿಳಿದು ನಡೆಯುವ ದಾರಿಯಲ್ಲಿ ಹುಡುಗಿಯರ ಹಾಸ್ಟೆಲ್ ಕಟ್ಟಿಸಿದ್ದರೆ, ಇವತ್ತು ತೆರೆಯುವ ಮುಚ್ಚುವ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಶಿಷ್ಯೆ: ಕೇಂದ್ರ ಆಗಿದ್ದಾಗ ಹುದ್ದೆ ಕೊಡಲಿಲ್ಲ ಸರ್, ಅದೇ ತೊಂದರೆ. ಮುಖ್ಯ ಆವರಣದ ಅಗತ್ಯ ಮುಗಿದ ಮೇಲೆ ಉಳಿದದ್ದು ಕೇಂದ್ರಕ್ಕೆ. ಸ್ವಂತ ಹೆಸರಿನ ವಿಶ್ವವಿದ್ಯಾಲಯ ಬಂದರೆ ಬಜೆಟ್ಟಿನಲ್ಲಿ ಸ್ವಂತದ್ದೊಂದು ಸಾಲು ಸಿಗುತ್ತೆ ಅಂತ ಜನ ಆಸೆಪಟ್ಟದ್ದರಲ್ಲಿ ನನಗೆ ತಪ್ಪು ಕಾಣಲ್ಲ. ಮುಚ್ಚುವುದೇ ಆದರೆ ಅಲ್ಲಿನ ಕೋರ್ಸು, ಸೀಟು, ಬೋಧಕ ಹುದ್ದೆ ಒಂದೂ ಕಡಿಮೆಯಾಗಬಾರದು ಅಂತ ಆದೇಶದಲ್ಲೇ ಬರೆಯಬೇಕು. ಕರಡಿನಲ್ಲಿ ಆ ಅಧ್ಯಾಯವನ್ನು ನಾನು ಬಿಡುವುದಿಲ್ಲ.

ಮೇಷ್ಟ್ರು: ಬಿಡಬೇಡ. ಆದರೆ ಹುದ್ದೆ ಅಂದೆಯಲ್ಲ, ಎಲ್ಲದಕ್ಕೂ ಬೇರು ಅಲ್ಲಿದೆ. ಮೂವತ್ತು ವರ್ಷದವಳೊಬ್ಬಳನ್ನು ಇವತ್ತು ಸಹಾಯಕ ಪ್ರಾಧ್ಯಾಪಕಿಯಾಗಿ ತೆಗೆದುಕೊಂಡರೆ ಅವಳು ಮೂವತ್ತೆರಡು ವರ್ಷ ಇರುತ್ತಾಳೆ. ಅವಳು ಯಾವ ವಿಷಯ ಓದಿದವಳು, ಯಾವ ಊರಿನ ಮಕ್ಕಳ ಮಾತು ತಿಳಿಯುವವಳು ಅನ್ನುವುದರ ಮೇಲೆ 2050ರ ದಶಕದ ವಿಶ್ವವಿದ್ಯಾಲಯ ನಿಲ್ಲುತ್ತೆ. ಅಷ್ಟು ದೂರ ಮುಟ್ಟುವ ತೀರ್ಮಾನ ನಮ್ಮ ಕೈಯಲ್ಲಿ ಬೇರೊಂದಿಲ್ಲ. ಅದೇ ತೀರ್ಮಾನವನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಬಂದಿದ್ದೇವೆ. ಎಷ್ಟೋ ವಿಭಾಗಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆರ್ಥಿಕ ಇಲಾಖೆಗೆ ಕಡತ ಹೋಗುತ್ತೆ, ಮೀಸಲಾತಿ ರೋಸ್ಟರಿನ ಪ್ರಶ್ನೆ ಏಳುತ್ತೆ, ಹಿಂದಕ್ಕೆ ಬರುತ್ತೆ, ಅಷ್ಟರಲ್ಲಿ ಕುಲಪತಿಯ ಅವಧಿ ಮುಗಿಯುತ್ತೆ.

ಶಿಷ್ಯೆ: ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ನಾನೂ ಹಾಗೆ ಇದ್ದು ಬಂದವಳು. ಬೇಸಿಗೆ ರಜೆಯಲ್ಲಿ ಸಂಬಳ ಇರುತ್ತಿರಲಿಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದವಳು ಪಠ್ಯಕ್ರಮ ಪರಿಷ್ಕರಣೆಯ ಸಭೆಯಲ್ಲಿ ಏನು ಮಾತಾಡಲಿ? ಕರೆಯುತ್ತಲೂ ಇರಲಿಲ್ಲ.

ಮೇಷ್ಟ್ರು: ಅತಿಥಿ ಉಪನ್ಯಾಸಕರಿಂದ ಉಳಿತಾಯ ಆಗುತ್ತೆ ಅನ್ನುವ ಲೆಕ್ಕವನ್ನು ಕೊನೆಯವರೆಗೂ ಎಳೆದು ತೋರಿಸು. ಅವರು ಪಿಎಚ್‌.ಡಿ. ಮಾರ್ಗದರ್ಶಕರಾಗುವ ಹಾಗಿಲ್ಲ. ಮಾರ್ಗದರ್ಶಕರು ಕಡಿಮೆಯಾದರೆ ಸಂಶೋಧನಾ ಸೀಟು ಕಡಿಮೆ. ಸಂಶೋಧನೆ ಕಡಿಮೆಯಾದರೆ ಪ್ರಾಜೆಕ್ಟ್ ಹಣ ಕಡಿಮೆ, ನ್ಯಾಕ್ ಅಂಕ ಕಡಿಮೆ. ಅಂಕ ಇಳಿದರೆ ಪೈಪೋಟಿಯ ಅನುದಾನ ಸಿಗುವುದಿಲ್ಲ, ಆನ್‌ಲೈನ್ ಕೋರ್ಸಿಗೆ ಅನುಮತಿಯೂ ಸಿಗುವುದಿಲ್ಲ. ಸಂಬಳದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಬೇರೆ ಕಡೆ ಕಳೆದುಕೊಂಡಿರುತ್ತೇವೆ. ಜಪಾನಿನಲ್ಲಿ ಇದನ್ನು ಪೂರ್ತಿ ಕಂಡಿದ್ದಾರೆ. ಅಲ್ಲಿ 1992ರಲ್ಲಿ ಹದಿನೆಂಟು ವರ್ಷದವರು ಸುಮಾರು 20 ಲಕ್ಷ ಇದ್ದರು, ಈಗ 11 ಲಕ್ಷದ ಆಸುಪಾಸು. 2004ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನಿಗಮಗಳನ್ನಾಗಿ ಮಾಡಿ, ಮುಂದೆ ವರ್ಷವರ್ಷವೂ ನಿರ್ವಹಣಾ ಅನುದಾನವನ್ನು ಸುಮಾರು ಶೇ 1ರಂತೆ ಕಡಿತ ಮಾಡುತ್ತಾ ಹೋದರು. ವಿಶ್ವವಿದ್ಯಾಲಯಗಳು ಕಾಯಂ ಹುದ್ದೆ ಬಿಟ್ಟು ಅವಧಿಯ ನೇಮಕಾತಿಗೆ ಇಳಿದವು. ತರುಣ ಸಂಶೋಧಕರು ಮೂರು ವರ್ಷ, ಐದು ವರ್ಷದ ಗುತ್ತಿಗೆಯಲ್ಲಿ ಓಡಾಡತೊಡಗಿದರು. ಪಿಎಚ್‌.ಡಿ. ಮಾಡಲು ಬರುವವರೇ ಕಡಿಮೆಯಾದರು. ಅಷ್ಟು ಶ್ರೀಮಂತ ದೇಶಕ್ಕೇ ಅದನ್ನು ಮತ್ತೆ ಕಟ್ಟುವುದು ಕಷ್ಟವಾಗಿದೆ.

ಶಿಷ್ಯೆ: ಹುದ್ದೆ ತುಂಬಿ ಅಂದರೆ ಯಾವ ವಿಭಾಗಕ್ಕೆ ಅನ್ನುವ ಪ್ರಶ್ನೆ ಬರುತ್ತೆ. ಬಿಸಿಎ, ಬಿ.ಕಾಂ. ಸಾಲು ಬೆಳೆಯುತ್ತಿದೆ. ಭೌತವಿಜ್ಞಾನ, ಗಣಿತ, ಇತಿಹಾಸ, ಭಾಷೆಗಳಿಗೆ ಬರುವವರು ಇಳಿಯುತ್ತಿದ್ದಾರೆ. ಹತ್ತು ವಿದ್ಯಾರ್ಥಿಗಳೂ ಇಲ್ಲದ ವಿಭಾಗ ಮುಚ್ಚಬೇಕು ಅಂತ ಸಮಿತಿಯಲ್ಲಿ ಒಬ್ಬರು ಬಲವಾಗಿ ವಾದಿಸಿದರು.

ಮೇಷ್ಟ್ರು: ನೀನೇನಂದೆ?

ಶಿಷ್ಯೆ: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಉದಾಹರಣೆ ಕೊಟ್ಟೆ. 1891ರಲ್ಲಿ ಶುರುವಾದದ್ದು. ಅಲ್ಲಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಗ್ರಂಥಲಿಪಿ ಓದಬಲ್ಲವರೊಬ್ಬರು ಆ ಕೋಣೆಯಲ್ಲಿ ಸಂಬಳದ ಮೇಲೆ ಕೂತಿದ್ದರು, ಅದಕ್ಕೇ ಅದು ಸಾಧ್ಯವಾಯಿತು. ತರಗತಿಯ ತಲೆ ಎಣಿಸಿದ್ದರೆ ಆ ಕುರ್ಚಿ ಇರುತ್ತಿರಲಿಲ್ಲ.

ಮೇಷ್ಟ್ರು: ಒಳ್ಳೆಯ ಮಾತು. ಅದರ ಜೊತೆಗೆ ಒಂದು ದಾರಿಯನ್ನೂ ತೋರಿಸಬೇಕು, ಇಲ್ಲದಿದ್ದರೆ ಆರ್ಥಿಕ ಇಲಾಖೆ ಕೇಳುವುದಿಲ್ಲ. ಪ್ರಾಕೃತ, ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಇಂಥವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಅರೆಬರೆಯಾಗಿ ನಡೆಸುವ ಬದಲು ರಾಜ್ಯದಲ್ಲಿ ಎರಡೋ ಮೂರೋ ಕಡೆ ಗಟ್ಟಿಯಾಗಿ ಇಟ್ಟುಕೊಳ್ಳಬಹುದು. ಬೇರೆ ವಿಶ್ವವಿದ್ಯಾಲಯದ ಮಕ್ಕಳು ಒಂದು ಸೆಮಿಸ್ಟರ್ ಅಲ್ಲಿಗೆ ಹೋಗಿ ಕಲಿತು ಕ್ರೆಡಿಟ್ ತರಲಿ, ಅವರಿಗೆ ಹಾಸ್ಟೆಲ್ ಕೊಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು 1991ರಲ್ಲಿ ಕಟ್ಟಿದ್ದೇ ಇಡೀ ನಾಡಿನ ಪರವಾಗಿ ಒಂದು ಕೆಲಸ ಮಾಡಲಿ ಅಂತ. ಅದಕ್ಕೆ ನೂರಾರು ಪದವಿ ಕಾಲೇಜುಗಳ ಸಂಯೋಜನೆ ಇಲ್ಲ, ಪರೀಕ್ಷಾ ಶುಲ್ಕದ ಹೊಳೆ ಹರಿಯುವುದಿಲ್ಲ. ನಿಮ್ಮ ಖರ್ಚು ನೀವೇ ದುಡಿದುಕೊಳ್ಳಿ ಅಂತ ಅದಕ್ಕೆ ಹೇಳುವುದು ಅನ್ಯಾಯ. ಸಂಶೋಧನೆಗೆ ಅಂತಲೇ ಹುಟ್ಟಿದ ಸಂಸ್ಥೆಯನ್ನು ಸಾರ್ವಜನಿಕ ಹಣವೇ ಸಾಕಬೇಕು.

ಶಿಷ್ಯೆ: ಕೃತಕ ಬುದ್ಧಿಮತ್ತೆಯ ನಿಕಾಯದ ಬಗ್ಗೆ ನೀವೇನೂ ಹೇಳಲಿಲ್ಲ.

ಮೇಷ್ಟ್ರು: ಖಾಸಗಿ ವಿಶ್ವವಿದ್ಯಾಲಯದಲ್ಲಿ ಇರುವಂಥದ್ದೇ ಇನ್ನೊಂದನ್ನು ನಾವು ಕಟ್ಟಲು ಹೋದರೆ ಸೋಲುತ್ತೇವೆ. ಅವರು ಕೊಡುವ ಸಂಬಳ ನಮ್ಮಿಂದಾಗದು. ಆದರೆ ಅವರಲ್ಲಿಲ್ಲದ್ದು ನಮ್ಮಲ್ಲಿದೆ. ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ತಂದಿತು, ಆಮೇಲೆ ಕನ್ನಡ ವಿಶ್ವಕೋಶದ ಸಂಪುಟಗಳನ್ನು ತಂದಿತು. 1930ರ ದಶಕದಲ್ಲೇ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರ ಹೇಳಿ ಅದನ್ನು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಮಾರಿದರು. ಧಾರವಾಡದಲ್ಲಿ, ಬೆಂಗಳೂರಿನಲ್ಲಿ, ಹಂಪಿಯಲ್ಲಿ ಪ್ರಸಾರಾಂಗಗಳ ಉಗ್ರಾಣ ತುಂಬ ಪುಸ್ತಕಗಳಿವೆ. ಶಾಸನಗಳಿವೆ, ತಾಳೆಗರಿಗಳಿವೆ, ಜಾನಪದದ ಧ್ವನಿಮುದ್ರಣಗಳಿವೆ. ಯಂತ್ರಕ್ಕೆ ಕನ್ನಡ ಕಲಿಸಲು ಬೇಕಾದ ಪರಿಶುದ್ಧ ಪಠ್ಯ ಇದು, ಇದನ್ನು ಓದಿ ತಿದ್ದಬಲ್ಲವರು ಈ ನಿಮ್ಮ ‘ಹತ್ತು ವಿದ್ಯಾರ್ಥಿಗಳಿಲ್ಲದ’ ವಿಭಾಗಗಳಲ್ಲಿ ಇದ್ದಾರೆ. ಗಣಕ ವಿಜ್ಞಾನದ ಇಬ್ಬರನ್ನು ಕನ್ನಡ ಅಧ್ಯಯನ ವಿಭಾಗದ ಪಕ್ಕದ ಕೋಣೆಯಲ್ಲಿ ಕೂರಿಸು. ಕೋಟಿಗಳು ಬೇಡ.

ಶಿಷ್ಯೆ: ಹಣದ ಮೂಲ ಅಂತ ಬಂದಾಗ ಸಮಿತಿ ಎರಡು ಸಲಹೆ ಕೊಟ್ಟಿತು. ಸ್ವಯಂ ಹಣಕಾಸಿನ ಕೋರ್ಸು ಹೆಚ್ಚಿಸುವುದು, ಖಾಲಿ ಜಮೀನನ್ನು ದೀರ್ಘ ಗುತ್ತಿಗೆಗೆ ಕೊಡುವುದು.

ಮೇಷ್ಟ್ರು: ಜಮೀನಿನ ಮಾತನ್ನು ತೆಗೆದುಹಾಕು. ಒಮ್ಮೆ ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ, ಬಂದ ಹಣ ಎರಡು ವರ್ಷದ ಪಿಂಚಣಿಗೆ ಕರಗುತ್ತೆ. ಶುಲ್ಕದ ವಿಚಾರ ಅಷ್ಟು ಸುಲಭ ಅಲ್ಲ. ಕೊಡಬಲ್ಲವರಿಂದ ಸ್ವಲ್ಪ ಹೆಚ್ಚು ತೆಗೆದುಕೊಳ್ಳುವುದಕ್ಕೆ ನನ್ನ ವಿರೋಧ ಇಲ್ಲ.

ಶಿಷ್ಯೆ: ನನ್ನದಿದೆ. ಕೊಡಬಲ್ಲವರು ಈಗಾಗಲೇ ಖಾಸಗಿ ಕಡೆ ಹೋಗಿದ್ದಾರೆ ಸರ್. ನಮ್ಮಲ್ಲಿ ಉಳಿದವರು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ವಿದ್ಯಾರ್ಥಿವೇತನದ ಹಣ ಬರುವ ಹೊತ್ತಿಗೆ ವರ್ಷ ಮುಗಿದಿರುತ್ತೆ, ಅಷ್ಟರವರೆಗೆ ಸಾಲ. ಐದು ಸಾವಿರ ಹೆಚ್ಚಿಸಿದರೆ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗುತ್ತೆ ಅಂತ ನನಗೆ ಗೊತ್ತು. ಶುಲ್ಕ ಹೆಚ್ಚಳದ ಪ್ರತಿ ಪ್ರಸ್ತಾವದ ಜೊತೆಗೂ ಅದರಿಂದ ಹೊರಗುಳಿಯುವವರು ಎಷ್ಟು ಅನ್ನುವ ಅಂದಾಜು ಇರಲೇಬೇಕು ಅಂತ ನಿಯಮ ಮಾಡಿ ಅಂತೀನಿ.

ಮೇಷ್ಟ್ರು: ಆ ನಿಯಮವನ್ನು ಕರಡಿನಲ್ಲಿ ಸೇರಿಸು, ನಾನು ಒಪ್ಪುತ್ತೇನೆ. ಹಾಗಾದರೆ ಉಳಿಯುವುದು ಸರ್ಕಾರವೇ. ಸರ್ಕಾರದ ಮುಂದೆ ಕೈಚಾಚುವ ಭಾಷೆ ಬಿಟ್ಟು ಖಚಿತವಾದ ಬೇಡಿಕೆ ಇಡಬೇಕು. ಹಳೆಯ ಪಿಂಚಣಿಯನ್ನು ಪೂರ್ತಿ ರಾಜ್ಯದ ಖಜಾನೆ ವಹಿಸಿಕೊಳ್ಳಲಿ. ವಿಭಜನೆ ಮಾಡಿದ್ದು ವಿಧಾನಮಂಡಲ, ಅದರ ಹೊಣೆಯೂ ಅಲ್ಲಿಯೇ ಇರಲಿ. ಮೂರು ವರ್ಷದ ಅನುದಾನ ಎಷ್ಟು ಅಂತ ಒಟ್ಟಿಗೆ ಹೇಳಲಿ, ಮಾರ್ಚ್ ತಿಂಗಳಲ್ಲಿ ತಿಳಿಯುವ ಅಂಕಿಯಿಂದ ಯಾರೂ ಯೋಜನೆ ಮಾಡಲಾರರು. ವರ್ಷಕ್ಕೆ ಇಂತಿಷ್ಟು ಹುದ್ದೆ ಅಂತ ಒಂದು ಕ್ಯಾಲೆಂಡರ್ ಒಪ್ಪಿ ಅದನ್ನು ತಪ್ಪಿಸದಿರಲಿ. ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹೋಯಿತು. ಮೇಷ್ಟ್ರುಗಳು ಅಷ್ಟು ಬೇಗ ಎರಡು ಸಲ ಪಠ್ಯಕ್ರಮ ಬರೆದರು. ನೀತಿ ಇನ್ನೊಮ್ಮೆ ಬದಲಾಗಬಹುದು. ಯಾವ ನೀತಿ ಬಂದರೂ ಕೆಲಸಕ್ಕೆ ಬರುವಂಥದ್ದನ್ನು ಮೊದಲು ಮಾಡಿಕೊಳ್ಳಬೇಕು: ಕಾಯಂ ಅಧ್ಯಾಪಕರು, ಪುಸ್ತಕ, ಪ್ರಯೋಗಾಲಯ, ಹಾಸ್ಟೆಲ್.

ಶಿಷ್ಯೆ: ಹಣ ಇಲ್ಲ ಅಂತಾರೆ.

ಮೇಷ್ಟ್ರು: ಮೈಸೂರು ಸಂಸ್ಥಾನ 1916ರಲ್ಲಿ ವಿಶ್ವವಿದ್ಯಾಲಯ ತೆರೆದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಯುದ್ಧ ಮುಗಿಯಲಿ ಅಂತ ಕಾಯಲಿಲ್ಲ. ಇವತ್ತಿನ ಕರ್ನಾಟಕ ಅಂದಿನ ಸಂಸ್ಥಾನಕ್ಕಿಂತ ಎಷ್ಟೋ ಪಾಲು ಶ್ರೀಮಂತ. ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಬೇಕು ಅಂತ 1966ರಲ್ಲಿ ಹೇಳಿತು. 2020ರ ನೀತಿಯೂ ಅದನ್ನೇ ಹೇಳಿತು. ಇಷ್ಟು ವರ್ಷ ಒಪ್ಪಿಕೊಂಡೇ ಬಂದಿರುವ ಮಾತನ್ನು ಸಿಂಡಿಕೇಟ್ ಒಂದು ನಿರ್ಣಯವಾಗಿ ಮಾಡಿ ವಿಧಾನಮಂಡಲಕ್ಕೆ ಕಳಿಸಲಿ.

ಶಿಷ್ಯೆ: ಹಾಗಾದರೆ ಪಿಂಚಣಿಯ ಪುಟ ಮೊದಲು, ಜಿಲ್ಲೆವಾರು ಮಕ್ಕಳ ಸಂಖ್ಯೆ ಅದರ ಹಿಂದೆ, ಹುದ್ದೆಗಳ ಕ್ಯಾಲೆಂಡರ್ ಆಮೇಲೆ. ಸೇವಾ ವಿವರಗಳಿಗೆ ನಾಳೆ ಹಣಕಾಸು ಅಧಿಕಾರಿಗೆ ಪತ್ರ ಬರೀತೀನಿ. ಜಿಲ್ಲಾ ಕೇಂದ್ರಗಳ ಅಧ್ಯಾಯ ಮಾತ್ರ ನಾನು ಬರೆದ ಹಾಗೇ ಇರುತ್ತೆ ಸರ್.

ಮೇಷ್ಟ್ರು: ಇರಲಿ. ಅದರ ಖರ್ಚಿನ ಅಂದಾಜನ್ನೂ ಆ ಅಧ್ಯಾಯದಲ್ಲೇ ಹಾಕು, ಅನುಬಂಧಕ್ಕೆ ತಳ್ಳಬೇಡ. ಸಿಂಡಿಕೇಟ್ ಸಭೆಗೆ ಕರೆದರೆ ಬಂದು ಮಾತಾಡುತ್ತೇನೆ.